ಆರು ಮೂಲೆಯ ಅಕ್ವೇರಿಯಂಗೆ ಮೀನು ಆರಿಸಿದ್ದು

ನಮ್ಮ ಮನೆಯ ಅಕ್ವೇರಿಯಂಗೆ ಆರು ಮೂಲೆ. ಒಂದೊಂದು ಗಾಜಿನ ಅಗಲ 9 ಇಂಚು, ಎತ್ತರ 33 ಇಂಚು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉದ್ದನೆಯ ಟ್ಯಾಂಕ್ ಅಲ್ಲ, ನೆಟ್ಟಗೆ ನಿಲ್ಲುವಂಥದ್ದು. ಮೈಸೂರಿನ ಸರಸ್ವತಿಪುರಂನಲ್ಲಿ ಚಿಕ್ಕಪ್ಪನ ಕ್ಲಿನಿಕ್ ಇತ್ತು. ಅದನ್ನು ಮುಚ್ಚುವಾಗ ಇದು ನಮ್ಮ ಪಾಲಿಗೆ ಬಂತು. ಕುವೆಂಪುನಗರದ ನಮ್ಮ ಮನೆಯ ಹಾಲ್‌ನಲ್ಲಿ ಉದ್ದದ ಟ್ಯಾಂಕ್ ಇಡುವಷ್ಟು ಜಾಗ ಇಲ್ಲ. ಇದು ಟಿವಿ ಪಕ್ಕದ ಮೂಲೆಯಲ್ಲಿ ಆರಾಮಾಗಿ ನಿಲ್ಲುತ್ತದೆ, ನೋಡುವುದಕ್ಕೂ ಬಹಳ ಚೆಂದ. ಆದರೆ ಇದರಲ್ಲಿ ಯಾವ ಮೀನು ಬಿಡಬೇಕು ಅನ್ನುವುದು ಅಷ್ಟು ಸುಲಭದ ಪ್ರಶ್ನೆ ಆಗಿರಲಿಲ್ಲ. ಸಾಕಷ್ಟು ಓದಿ, ಕೇಳಿ, ಅಳೆದು ನೋಡಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಇಂಥ ಆಕಾರದ ಟ್ಯಾಂಕ್ ಇರುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಮೇಲೆ ಮೂರು ಇಂಚು ಖಾಲಿ ಬಿಟ್ಟು 30 ಇಂಚಿನವರೆಗೆ ತುಂಬಿದರೆ ಇದರಲ್ಲಿ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. 3 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರದ ಮಾಮೂಲಿ ಟ್ಯಾಂಕ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ನೀರು. ಎರಡರಲ್ಲೂ ಒಂದೇ ಸಂಖ್ಯೆಯ ಮೀನು ಬಿಡಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ನೋಡಿ. ಮಾಮೂಲಿ ಟ್ಯಾಂಕ್‌ನಲ್ಲಿ ಅದು 432 ಚದರ ಇಂಚು. ನಮ್ಮ ಆರು ಮೂಲೆಯದರಲ್ಲಿ ಬರೀ 210. ಅರ್ಧಕ್ಕೂ ಕಡಿಮೆ. ನೀರಿಗೆ ಆಮ್ಲಜನಕ ಸೇರುವುದು, ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದು ಎಲ್ಲ ಆ ಮೇಲ್ಮೈಯಲ್ಲೇ. ಎತ್ತರ ಜಾಸ್ತಿ ಆದಷ್ಟೂ ನೀರು ಜಾಸ್ತಿ ಆಗುತ್ತದೆ, ಮೇಲ್ಮೈ ಮಾತ್ರ ಇದ್ದಷ್ಟೇ ಇರುತ್ತದೆ.

ಈ ಮಾತನ್ನು ನನಗೆ ಮೊದಲು ಹೇಳಿದವರು ಗೆಳತಿಯ ಅಣ್ಣ. ಶ್ರೀರಂಗಪಟ್ಟಣದ ಹತ್ತಿರ ಸಿಮೆಂಟ್ ತೊಟ್ಟಿ ಕಟ್ಟಿಸಿಕೊಂಡು ಬಣ್ಣದ ಮೀನು ಸಾಕಿ ಮಾರುತ್ತಾರೆ. ಫೋನಿನಲ್ಲಿ ನೂರು ಲೀಟರ್ ಅಂದ ತಕ್ಷಣ ತಡೆದರು. "ಲೀಟರ್ ಕಟ್ಕೊಂಡು ಏನ್ ಮಾಡ್ತೀಯಮ್ಮ? ಅಗಲ ಎಷ್ಟದೆ ಅದನ್ನ ಹೇಳು. ಮೀನು ಲಿಫ್ಟಲ್ಲಿ ಓಡಾಡಲ್ಲ ಕಣಮ್ಮ, ರಸ್ತೇಲಿ ಓಡಾಡ್ತವೆ" ಅಂದರು. ನನಗೆ ಆಮೇಲೆ ಎಲ್ಲ ಆಯ್ಕೆಗೂ ಈ ಮಾತೇ ಆಧಾರ ಆಯಿತು. ಹೆಚ್ಚಿನ ಮೀನುಗಳು ಅಡ್ಡಡ್ಡ ಈಜುತ್ತವೆ. 30 ಇಂಚು ಆಳ ಇದ್ದರೂ ಒಂದೊಂದು ಜಾತಿ ತನಗೆ ಬೇಕಾದ ಮಟ್ಟದಲ್ಲೇ ಇರುತ್ತದೆ. ನಮ್ಮ ಟ್ಯಾಂಕ್‌ನಲ್ಲಿ ಒಂದು ಗಾಜಿನಿಂದ ಎದುರು ಗಾಜಿಗೆ ಸುಮಾರು 40 ಸೆಂಟಿಮೀಟರ್. ಮೀನಿಗೆ ಇರುವ ರಸ್ತೆ ಅಷ್ಟೇ.

ಮೀನಿನ ಯೋಚನೆಗೂ ಮೊದಲು ಗಾಳಿಯ ವ್ಯವಸ್ಥೆ ಆಗಬೇಕಿತ್ತು. ಎತ್ತರದ ಟ್ಯಾಂಕ್‌ನಲ್ಲಿ ತಳದ ನೀರು ತಳದಲ್ಲೇ ಉಳಿದುಬಿಡಬಹುದು. ಅದನ್ನು ಮೇಲೆ ತರಬೇಕು. ನಾನು ಸ್ಪಾಂಜ್ ಫಿಲ್ಟರ್ ಆರಿಸಿದೆ. ತಳದಲ್ಲಿ ಗಾಳಿ ಬಿಟ್ಟರೆ ಗುಳ್ಳೆಗಳು ಕೊಳವೆಯೊಳಗೆ ಏರುವಾಗ ತಳದ ನೀರನ್ನೂ ಜೊತೆಗೆ ಎತ್ತಿಕೊಂಡು ಬರುತ್ತವೆ. ಆದರೆ ಸಣ್ಣ ಏರ್ ಪಂಪ್‌ಗೆ ಅಷ್ಟು ಆಳಕ್ಕೆ ಗಾಳಿ ತಳ್ಳುವ ಶಕ್ತಿ ಇರುವುದಿಲ್ಲ. ಡಬ್ಬದ ಮೇಲೆ ಪ್ರೆಶರ್ ಎಷ್ಟು ಅಂತ ಎಂಪಿಎ ಲೆಕ್ಕದಲ್ಲಿ ಬರೆದಿರುತ್ತಾರೆ. 0.01 ಎಂಪಿಎ ಅಂದರೆ ಸುಮಾರು ಒಂದು ಮೀಟರ್ ನೀರಿನ ಒತ್ತಡ. ನಮ್ಮದು ಮುಕ್ಕಾಲು ಮೀಟರ್. ಸ್ವಲ್ಪ ಹೆಚ್ಚಿಗೆ ಇರಲಿ ಅಂತ 0.02 ಇರುವುದನ್ನು ತಂದೆ. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಬಂದು ಪಂಪ್‌ಗೆ ನುಗ್ಗದಿರಲಿ ಅಂತ ಮಧ್ಯೆ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿದೆ. ಜೊತೆಗೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪ್ ಒಂದು ಇಟ್ಟುಕೊಂಡಿದ್ದೇನೆ. ಮೇಲ್ಮೈ ಕಡಿಮೆ ಇರುವ ಟ್ಯಾಂಕ್‌ನಲ್ಲಿ ಪಂಪ್ ನಿಂತು ಬಹಳ ಹೊತ್ತಾದರೆ ಮೀನಿಗೆ ಕಷ್ಟ.

ಇದು ಬೇಸಿಗೆಯಲ್ಲಿ ಇನ್ನೂ ಮುಖ್ಯ. ಬಿಸಿಯಾದಷ್ಟೂ ನೀರು ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಏಪ್ರಿಲ್‌ನಲ್ಲಿ ಮೈಸೂರಿನ ಮನೆಯೊಳಗೂ ಟ್ಯಾಂಕ್ ನೀರು 29 ಡಿಗ್ರಿ ಮುಟ್ಟುತ್ತದೆ. ಡಿಸೆಂಬರ್ ಬೆಳಗಿನ ಚಳಿಗೆ ಹೀಟರ್ ಹಾಕಬಹುದು. ಬೇಸಿಗೆಯ ಶಾಖ ಇಳಿಸುವುದು ಮನೆಯಲ್ಲಿ ಅಷ್ಟು ಸುಲಭ ಅಲ್ಲ. ಅದಕ್ಕೇ ನಮ್ಮ ಬೇಸಿಗೆ ತಡೆಯುವ ಮೀನೇ ಬೇಕು ಅಂತ ಮೊದಲೇ ನಿಶ್ಚಯ ಮಾಡಿಕೊಂಡೆ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಮೈಸೂರಿಗೆ ಬರುವುದು ಕಾವೇರಿ, ಕಬಿನಿ ನೀರು. ನಮ್ಮ ಬೀದಿಯಲ್ಲಿ ಬೋರ್‌ವೆಲ್ ಕೂಡ ಇದೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್‌ನಲ್ಲಿ ನೋಡಿದರೆ ಬೋರ್ ನೀರಿನ ಅಂಕಿ ನಲ್ಲಿ ನೀರಿನದಕ್ಕಿಂತ ಮೂರು ಪಟ್ಟು ಮೇಲಿತ್ತು. ಗಪ್ಪಿ, ಮೋಲಿ ಥರದ ಮೀನಿಗೆ ಗಡಸು ನೀರು ಒಗ್ಗುತ್ತದೆ. ಬೋರ್ ನೀರು ಮಾತ್ರ ಇರುವ ಮನೆಯವರು ಅವುಗಳನ್ನೇ ಸಾಕಿದರೆ ನೆಮ್ಮದಿ. ನನ್ನ ಮನಸ್ಸಿನಲ್ಲಿದ್ದ ಮೀನುಗಳಿಗೆ ನಲ್ಲಿ ನೀರೇ ಸರಿ. ಬಕೆಟ್‌ನಲ್ಲಿ ಒಂದು ದಿನ ಹಾಗೇ ಇಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಅವಸರ ಇದ್ದರೆ ಕ್ಲೋರಿನ್ ತೆಗೆಯುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ.

ಈಗ ಆಯ್ಕೆಗೆ ಬರುತ್ತೇನೆ. ಹಳೇ ನ್ಯೂಸ್‌ಪೇಪರ್ ಹಾಸಿ, ಅದರ ಮೇಲೆ ಟ್ಯಾಂಕ್ ತಳದ ಗುರುತು ಹಾಕಿ, ಆರು ಮೂಲೆಯಾಗಿ ಕತ್ತರಿಸಿದೆ. ಆಮೇಲೆ ಕ್ಯಾಲೆಂಡರ್‌ನ ದಪ್ಪ ಹಾಳೆಯಲ್ಲಿ ಪಟ್ಟಿಗಳನ್ನು ಮಾಡಿದೆ. ಒಂದೊಂದು ಪಟ್ಟಿ ಒಂದೊಂದು ಜಾತಿಯ ಮೀನು ಪೂರ್ತಿ ಬೆಳೆದಾಗ ಎಷ್ಟು ಉದ್ದ ಇರುತ್ತದೋ ಅಷ್ಟು ಉದ್ದ. ಅಂಗಡಿಯಲ್ಲಿ ಕಾಣುವ ಮರಿಯ ಉದ್ದ ಅಲ್ಲ. ಪಟ್ಟಿಗಳ ಮೇಲೆ ಹೆಸರು ಬರೆದು ಕಾಗದದ ಮೇಲೆ ಇಟ್ಟು ನೋಡಿದೆ. ಒಂದು ಮೀನು ತಿರುಗುವ ಮೊದಲು ತನ್ನ ಉದ್ದದ ಐದಾರು ಪಟ್ಟಾದರೂ ಮುಂದಕ್ಕೆ ಈಜುವಂತಿರಬೇಕು ಅನ್ನುವುದು ನಾನು ಇಟ್ಟುಕೊಂಡ ಅಳತೆ. ನಮ್ಮ 40 ಸೆಂಟಿಮೀಟರ್‌ಗೆ ಅಂದರೆ ಏಳೆಂಟು ಸೆಂಟಿಮೀಟರ್ ಒಳಗಿನ ಮೀನು. ನೆಲದ ಮೇಲೆ ಆ ಕಾಗದ ಹರಡಿಕೊಂಡು ಕೂತಾಗ ನಾನು ಅಂದುಕೊಂಡಿದ್ದ ಮೀನುಗಳಲ್ಲಿ ಅರ್ಧಕ್ಕರ್ಧ ಹೊರಗೆ ಬಿದ್ದವು.

ಅದರಲ್ಲಿ ಬೇಸರ ತಂದಿದ್ದು ಏಂಜಲ್. ಎತ್ತರದ ಟ್ಯಾಂಕ್ ಅಂದ ಕೂಡಲೇ ಎಲ್ಲರೂ ಹೇಳುವುದು ಏಂಜಲ್ ಮೀನನ್ನೇ. ಕಾರಣ ಸರಿಯಾಗೇ ಇದೆ. ಅದರ ದೇಹ ಚಪ್ಪಟೆ, ರೆಕ್ಕೆ ಸಮೇತ ಎತ್ತರ 20 ಸೆಂಟಿಮೀಟರ್ ದಾಟುತ್ತದೆ. ಅಮೆಜಾನ್ ನದಿಯ ಕಡೆ ನೀರಿನಲ್ಲಿ ಮುಳುಗಿದ ಗಿಡ, ಬೇರುಗಳ ಸಂದಿಯಲ್ಲಿ ನುಸುಳಿಕೊಂಡು ಬದುಕುವ ಮೀನು. ಅದಕ್ಕೆ ಆಳ ಬೇಕೇ ಬೇಕು. ಆದರೆ ಉದ್ದವೂ 15 ಸೆಂಟಿಮೀಟರ್ ಆಗುತ್ತದೆ. ನನ್ನ ಕಾಗದದ ಮೇಲೆ ಮೂರು ಪಟ್ಟಿ ಸಾಲಾಗಿ ಇಟ್ಟರೆ ಗಾಜು ದಾಟಿ ಹೊರಗೆ ಬಂತು. ಒಂದು ಜೋಡಿ ಮಾತ್ರ ಬಿಟ್ಟು, ಬೇರೆ ಯಾವ ಮೀನೂ ಇಲ್ಲದೆ ಸಾಕಬಹುದಿತ್ತು. ಅದಕ್ಕೂ ಒಂದು ಅಡ್ಡಿ ಇದೆ. ಏಂಜಲ್ ಮರಿಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ನೋಡಿ ಹೇಳಲು ಆಗುವುದಿಲ್ಲ. ಐದಾರು ಮರಿ ತಂದು ಒಟ್ಟಿಗೆ ಬೆಳೆಸಬೇಕು, ಅವೇ ಜೋಡಿ ಆಗಬೇಕು, ಜೋಡಿ ಆದ ಮೇಲೆ ಅವು ಉಳಿದವುಗಳನ್ನು ಅಟ್ಟಾಡಿಸಿ ಹೊಡೆಯುತ್ತವೆ. ಉದ್ದದ ಟ್ಯಾಂಕ್‌ನಲ್ಲಿ ಓಡಿಹೋಗಿ ಬಚ್ಚಿಟ್ಟುಕೊಳ್ಳಲು ಇನ್ನೊಂದು ತುದಿ ಅಂತ ಇರುತ್ತದೆ. ಆರು ಮೂಲೆಯದರಲ್ಲಿ ಇನ್ನೊಂದು ತುದಿಯೇ ಇಲ್ಲ. ನನ್ನ ಮಗಳಿಗೆ ಏಂಜಲ್ ಅಂದರೆ ಪ್ರಾಣ. ಆದರೂ ಕಾಗದದ ಮೇಲೆ ಪಟ್ಟಿ ಇಟ್ಟು ತೋರಿಸಿದಾಗ, "ಇದು ತಿರುಗೋಕೂ ಆಗಲ್ಲ ಅಮ್ಮ" ಅಂತ ಅವಳೇ ಪಟ್ಟಿ ತೆಗೆದಿಟ್ಟಳು.

ಅಂಗಡಿಗಳಿಗೆ ಹೋಗುವಾಗ ಕೊಳ್ಳುವ ಉದ್ದೇಶ ಇಟ್ಟುಕೊಳ್ಳಲಿಲ್ಲ. ಸುಮ್ನೆ ನಿಂತು ಮೀನು ಹೇಗೆ ಈಜುತ್ತದೆ ಅಂತ ನೋಡುವುದಕ್ಕೆ ಹೋಗುತ್ತಿದ್ದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಒಂದು ಟ್ಯಾಂಕ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಪುಸ್ತಕದಲ್ಲಿ ಸಿಗದ ಎಷ್ಟೋ ವಿಷಯ ಗೊತ್ತಾಗುತ್ತದೆ. ಜೀಬ್ರಾ ಮೀನನ್ನೇ ನೋಡಿ. ಪುಟ್ಟ ಮೀನು, ಗಟ್ಟಿ ಜೀವ, ಬೆಲೆ ಕಡಿಮೆ, ಅಳತೆ ಪಟ್ಟಿಯಲ್ಲೂ ಪಾಸ್. ಆದರೆ ಅದು ಒಂದು ಕ್ಷಣ ನಿಲ್ಲುವುದಿಲ್ಲ. ಈ ತುದಿಯಿಂದ ಆ ತುದಿಗೆ ಬಾಣ ಬಿಟ್ಟಂತೆ ಹೋಗುತ್ತದೆ, ತಿರುಗುತ್ತದೆ, ಮತ್ತೆ ಹೋಗುತ್ತದೆ. ನಮ್ಮಲ್ಲಿ ಬಿಟ್ಟರೆ ದಿನಪೂರ್ತಿ ಗಾಜಿಗೆ ಮುಖ ಕೊಟ್ಟು ತಿರುಗುವುದೇ ಕೆಲಸ. ಅಳತೆಯ ಜೊತೆಗೆ ಓಡಾಟದ ರೀತಿಯನ್ನೂ ನೋಡಬೇಕು ಅಂತ ನನಗೆ ಖಾತ್ರಿ ಆಗಿದ್ದು ಅಲ್ಲೇ.

ಅಂಗಡಿಯ ಹುಡುಗ ಒಳ್ಳೆಯವನು, ಆದರೆ ಅವನ ಸಲಹೆ ಎಲ್ಲ ಮರಿಯ ಗಾತ್ರದ ಮೇಲೆ. "ಇದು ಹಾಕ್ಕೊಳ್ಳಿ ಮೇಡಂ, ಪಾಚಿ ಎಲ್ಲ ತಿಂದು ಕ್ಲೀನ್ ಮಾಡುತ್ತೆ" ಅಂತ ಸಕ್ಕರ್ ತೋರಿಸಿದ. ಬೆರಳುದ್ದ ಇತ್ತು. ಅದೇ ಮೀನು ಬೆಳೆದು ಒಂದಡಿ ಮೀರುತ್ತದೆ, ನಮ್ಮ ತಳದಲ್ಲಿ ಅದು ಮಲಗಿದರೆ ಬೇರೆ ಜಾಗವೇ ಉಳಿಯುವುದಿಲ್ಲ. ಬೆಳೆದ ಮೇಲೆ ಎಷ್ಟೋ ಜನ ಕೆರೆಗೆ ಬಿಟ್ಟು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಕ್ಷಿಣ ಅಮೆರಿಕದ ಆ ಮೀನು ನಮ್ಮ ದೇಶದ ಕೆರೆ, ನದಿಗಳಲ್ಲಿ ಈಗಾಗಲೇ ಬೇರೂರಿ ಸ್ಥಳೀಯ ಮೀನುಗಳಿಗೆ ಸಂಕಟ ತಂದಿದೆ. ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ಅದು ಸೇರುವುದು ಬೇಡ. ಟೈಗರ್ ಶಾರ್ಕ್ ಅಂತ ಮಾರುವ ಬೆಳ್ಳಿ ಬಣ್ಣದ ಮೀನಿನದೂ ಇದೇ ಕಥೆ. ಊಟಕ್ಕೆ ಅಂತ ಕೊಳಗಳಲ್ಲಿ ಸಾಕುವ ಪಂಗಾಸ್ ಮೀನಿನ ಮರಿ ಅದು, ಮೀಟರ್ ಉದ್ದ ಬೆಳೆಯಬಲ್ಲದು. ಗೋಲ್ಡ್ ಫಿಶ್ ದೊಡ್ಡದಾಗುತ್ತದೆ, ಗಲೀಜೂ ಜಾಸ್ತಿ ಮಾಡುತ್ತದೆ, ಅದಕ್ಕೆ ಆಮ್ಲಜನಕವೂ ಹೆಚ್ಚು ಬೇಕು. ಫೈಟರ್ ಮೀನಿನ ಉದ್ದುದ್ದ ರೆಕ್ಕೆಗೆ ತಳದಿಂದ ಮೇಲಕ್ಕೆ ಬಂದು ಉಸಿರೆಳೆಯುವುದೇ ಆಯಾಸ.

ಮಿಸ್ ಕೇರಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಂಪು, ಕಪ್ಪು ಗೆರೆಯ ಆ ಮೀನನ್ನು ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಕೇರಳದ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ಹುಟ್ಟುವುದಿಲ್ಲ. ಅಕ್ವೇರಿಯಂ ವ್ಯಾಪಾರಕ್ಕೆ ಅಂತಲೇ ಹಿಡಿದು ಹಿಡಿದು ಕಡಿಮೆಯಾಗಿ, ಅಳಿವಿನಂಚಿನ ಪಟ್ಟಿಗೆ ಸೇರಿದೆ. 15 ಸೆಂಟಿಮೀಟರ್ ಬೆಳೆಯುವ, ಹರಿಯುವ ನೀರಿನಲ್ಲಿ ಗುಂಪಾಗಿ ಓಡುವ ಮೀನು. ನಮ್ಮದೇ ನಾಡಿನ ಮೀನು ಸಾಕಬೇಕು ಅನ್ನುವ ಆಸೆ ನನಗೂ ಇತ್ತು, ಆದರೆ ನಿಂತ ನೀರಿನ ಈ ಗಾಜಿನೊಳಗೆ ಅದನ್ನು ತಂದು ಕೂಡಿಹಾಕುವುದು ಅನ್ಯಾಯ.

ಹಾಗಾದರೆ ಮೇಲೆ ಯಾವುದು, ಮಧ್ಯೆ ಯಾವುದು, ತಳಕ್ಕೆ ಯಾವುದು? ಮೇಲಿನ ಭಾಗಕ್ಕೆ ಗೋರಾಮಿ ಅಂತ ಬೇಗ ತೀರ್ಮಾನ ಆಯಿತು. ಗೋರಾಮಿಗೆ ಕಿವಿರಿನ ಜೊತೆ ತಲೆಯಲ್ಲಿ ಇನ್ನೊಂದು ಉಸಿರಾಟದ ಅಂಗ ಇದೆ. ಮೇಲೆ ಬಂದು ಗಾಳಿಯನ್ನೇ ನೇರವಾಗಿ ನುಂಗುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಒಂದನ್ನೇ ನೆಚ್ಚಿಕೊಂಡಿರುವುದಿಲ್ಲ. ಮೇಲ್ಮೈ ಕಡಿಮೆ ಇರುವ ನಮ್ಮ ಟ್ಯಾಂಕ್‌ಗೆ ಇದಕ್ಕಿಂತ ಒಳ್ಳೆಯ ಗುಣ ಯಾವುದು? ಗಡಿಬಿಡಿ ಇಲ್ಲದ ಮೀನು, ಮೇಲಿನ ಅರ್ಧದಲ್ಲೇ ನಿಧಾನವಾಗಿ ಸುತ್ತುತ್ತದೆ. ಅಂಗಡಿಯಲ್ಲಿ ಡ್ವಾರ್ಫ್ ಗೋರಾಮಿ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಆದರೆ ಫಾರ್ಮ್‌ಗಳಲ್ಲಿ ಬೆಳೆಸಿದ ಡ್ವಾರ್ಫ್‌ಗಳಲ್ಲಿ ಔಷಧಿಯೇ ಇಲ್ಲದ ಒಂದು ವೈರಸ್ ಕಾಯಿಲೆ ಹರಡಿದೆ. ಗಂಡುಗಳು ಜಗಳಗಂಟಿಗಳು ಬೇರೆ. ಅದಕ್ಕೇ ಅದರ ಹತ್ತಿರದ ನೆಂಟ ಹನಿ ಗೋರಾಮಿ ಆರಿಸಿದೆ. ಐದು ಸೆಂಟಿಮೀಟರ್ ಆಸುಪಾಸಿನ ಸಾಧು ಮೀನು. ಅಂಗಡಿಯ ಬೆಳಕಿನಲ್ಲಿ ಮಂಕಾಗಿ ಕಾಣುತ್ತದೆ, ಮನೆಗೆ ಬಂದು ಹೊಂದಿಕೊಂಡ ಮೇಲೆ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ, ಗಂಟಲಿನಿಂದ ಹೊಟ್ಟೆಯವರೆಗೆ ಕಪ್ಪು ನೀಲಿ ಬರುತ್ತದೆ.

ಈ ಮೀನಿನ ಬಗ್ಗೆ ಓದುವಾಗ ಒಂದು ಸಂಗತಿ ಸಿಕ್ಕಿ ತುಂಬ ಖುಷಿ ಆಯಿತು. ಗಂಗಾ, ಬ್ರಹ್ಮಪುತ್ರಾ ಕಡೆಯ ಈ ಮೀನನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ. ಜೀಬ್ರಾ ಮೀನಿಗೂ ಹೆಸರಿಟ್ಟವರು ಅವರೇ. ಮೈಸೂರಿನ ಚರಿತ್ರೆ ಓದಿದವರಿಗೆ ಈ ಮನುಷ್ಯ ಬುಕಾನನ್ ಅನ್ನುವ ಹೆಸರಿನಲ್ಲಿ ಗೊತ್ತು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜನಜೀವನ ಎಲ್ಲ ಬರೆದಿಟ್ಟುಕೊಂಡವರು. ಹ್ಯಾಮಿಲ್ಟನ್ ಅನ್ನುವುದು ಅವರು ಆಮೇಲೆ ಇಟ್ಟುಕೊಂಡ ಹೆಸರು. ನಮ್ಮೂರಿನ ಗದ್ದೆ, ಕಾಲುವೆಗಳನ್ನು ನೋಡಿದ ಅದೇ ಕಣ್ಣು ಈ ಪುಟ್ಟ ಮೀನನ್ನೂ ಗುರುತಿಸಿತ್ತು.

ಮಧ್ಯಕ್ಕೆ ನಿಯಾನ್ ಅಂತ ಎಲ್ಲರೂ ಹೇಳಿದರು. ಗುಂಪಾಗಿ ಒಂದೇ ಜಾಗದಲ್ಲಿ ತೇಲಾಡುವ ಮೀನು, ಓಟ ಕಡಿಮೆ, ಅಳತೆಯೂ ಸರಿ. ನಾನು ಬಿಟ್ಟಿದ್ದು ಬೇಸಿಗೆಯ ಕಾರಣಕ್ಕೆ. ನಿಯಾನ್‌ಗೆ ಇಪ್ಪತ್ತೈದರ ಒಳಗಿನ ತಂಪು ನೀರು ಇಷ್ಟ. ಕಡಿಮೆ ಮೇಲ್ಮೈ, ಜಾಸ್ತಿ ಶಾಖ ಎರಡೂ ಸೇರಿದರೆ ಅವುಗಳ ಕಥೆ ಕಷ್ಟ. ಟೈಗರ್ ಬಾರ್ಬ್ ಆಗುವುದಿಲ್ಲ, ಗೋರಾಮಿಯ ಎದೆಯಿಂದ ಇಳಿಬಿದ್ದಿರುವ ದಾರದಂಥ ಮೀಸೆಗಳನ್ನು ಕಚ್ಚಿ ಎಳೆಯುತ್ತದೆ. ವಿಡೋ ಟೆಟ್ರಾಗೂ ಆ ಚಾಳಿ ಇದೆ. ಕೊನೆಗೆ ನಿಂತಿದ್ದು ಚೆರಿ ಬಾರ್ಬ್. ಶ್ರೀಲಂಕಾದ ನೆರಳಿನ ತೊರೆಗಳ ಮೀನು, ಐದು ಸೆಂಟಿಮೀಟರ್. ಬಾರ್ಬ್ ಜಾತಿಯಲ್ಲೇ ಇಷ್ಟು ನಿಧಾನದ ಮೀನು ಇನ್ನೊಂದು ನಾನು ನೋಡಿಲ್ಲ. ಗಿಡದ ಪಕ್ಕ ನಿಂತಲ್ಲೇ ನಿಂತು ರೆಕ್ಕೆ ಆಡಿಸುತ್ತದೆ, ನಾಲ್ಕು ಇಂಚು ಮುಂದೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಅದರ ತವರಿನ ತೊರೆಗಳಲ್ಲಿ ಇದರ ಸಂಖ್ಯೆ ಕಡಿಮೆ ಆಗಿದೆ. ಆದರೆ ಅಂಗಡಿಗೆ ಬರುವುದು ಫಾರ್ಮ್‌ನಲ್ಲಿ ಮರಿ ಮಾಡಿಸಿದ್ದು, ಹೊಳೆಯಿಂದ ಹಿಡಿದದ್ದಲ್ಲ. ಕೇಳಿ ಖಾತ್ರಿ ಮಾಡಿಕೊಂಡೇ ತಂದೆ. ಕೆಂಪು ಇರುವುದು ಗಂಡು, ಕಂದು ಬಣ್ಣದ್ದು ಹೆಣ್ಣು. ಅಂಗಡಿಯವರು ಕೆಂಪನ್ನೇ ಆರಿಸಿ ಕೊಡಲು ನೋಡುತ್ತಾರೆ. ಒಂದು ಗಂಡಿಗೆ ಎರಡು ಹೆಣ್ಣು ಇದ್ದರೆ ಹೆಣ್ಣುಗಳಿಗೆ ಕಾಟ ಕಡಿಮೆ.

ತಳದ ಆಯ್ಕೆಯೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಕೋರಿಡೋರಾಸ್ ನನಗೆ ಬಹಳ ಇಷ್ಟ. ಮೀಸೆ ಆಡಿಸುತ್ತ ಮರಳು ಕೆದಕುವುದನ್ನು ನೋಡುತ್ತ ಕೂರಬಹುದು. ಆದರೆ ಅದು ಆಗಾಗ ಸರ್ರನೆ ಮೇಲಕ್ಕೆ ಹೋಗಿ ಗಾಳಿ ನುಂಗಿ ಬರುವ ಮೀನು, ಗಾಳಿಯನ್ನು ಕರುಳಿನಲ್ಲಿ ಹೀರಿಕೊಳ್ಳುತ್ತದೆ. ದಿನಕ್ಕೆ ಎಷ್ಟೋ ಸಲ 30 ಇಂಚು ಹತ್ತಿ ಇಳಿಯುವ ಶ್ರಮವನ್ನು ಅದಕ್ಕೆ ಕೊಡಲು ಮನಸ್ಸು ಬರಲಿಲ್ಲ. ಇದನ್ನು ಶ್ರೀರಂಗಪಟ್ಟಣದ ಅಣ್ಣನ ಹತ್ತಿರ ಹೇಳಿದಾಗ ಅವರು ಕೂಲಿ ಲೋಚ್ ಹೆಸರು ಎತ್ತಿದರು. ಹಳದಿ ಕಂದು ಪಟ್ಟೆಯ, ಪುಟ್ಟ ಹಾವಿನಂತೆ ಕಾಣುವ ಮೀನು. ಉದ್ದ ಹತ್ತು ಸೆಂಟಿಮೀಟರ್‌ವರೆಗೆ ಬರಬಹುದು, ನನ್ನ ಅಳತೆ ಸ್ವಲ್ಪ ಮೀರುತ್ತದೆ. ಆದರೆ ಇದು ನೆಟ್ಟಗೆ ಓಡುವ ಮೀನೇ ಅಲ್ಲ. ಬೇರು, ಕಲ್ಲಿನ ಸಂದಿಯಲ್ಲಿ ಸುರುಳಿ ಸುತ್ತಿಕೊಂಡು ಒಂದರ ಮೇಲೊಂದು ಬಿದ್ದುಕೊಂಡಿರುತ್ತದೆ, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಅದಕ್ಕೆ ಬೇಕಾಗಿದ್ದು ಉದ್ದದ ಜಾಗಕ್ಕಿಂತ ಮೆತ್ತನೆಯ ಮರಳು. ಎಂ-ಸ್ಯಾಂಡ್ ಹಾಕಬಾರದು, ಕಲ್ಲು ಒಡೆದು ಮಾಡಿದ್ದರಿಂದ ಅಂಚು ಚೂಪಾಗಿರುತ್ತದೆ, ಅವುಗಳ ಹೊಟ್ಟೆ ತರಚುತ್ತದೆ. ಮನೆ ಕಟ್ಟಿದಾಗ ಉಳಿದ ನದಿ ಮರಳನ್ನು ಅಣ್ಣ ಒಂದು ಚೀಲ ಕೊಟ್ಟರು. ಜರಡಿ ಹಿಡಿದು, ನೀರು ತಿಳಿಯಾಗುವ ತನಕ ತೊಳೆದೆ. ಸ್ವಲ್ಪ ಮರಳಿನ ಮೇಲೆ ವಿನೆಗರ್ ಬಿಟ್ಟು ನೋಡಿದೆ. ನೊರೆ ಬಂದರೆ ಸುಣ್ಣದ ಅಂಶ ಇದೆ, ನೀರು ಗಡಸಾಗುತ್ತದೆ ಅಂತ ಅರ್ಥ. ನೊರೆ ಬರಲಿಲ್ಲ.

ಟ್ಯಾಂಕ್ ಇಡುವ ಸ್ಟ್ಯಾಂಡ್‌ಗೆ ವೆಲ್ಡಿಂಗ್ ಮಾಡಿಸಿದೆ. ನೂರು ಲೀಟರ್ ಅಂದರೆ ನೂರು ಕಿಲೋ, ಗಾಜು ಮರಳು ಸೇರಿ ಇನ್ನೂ ಮೇಲೆ. ಅಷ್ಟೂ ಭಾರ ಒಂದೂವರೆ ಅಡಿ ಜಾಗದಲ್ಲಿ ಕೂರುತ್ತದೆ. ಮನೆಗೆ ಮಕ್ಕಳು ಬರುತ್ತಾರೆ, ಹಾಗಾಗಿ ಗೋಡೆಗೂ ಒಂದು ಕ್ಲಾಂಪ್ ಹಾಕಿಸಿದೆ. ಹಿಂದಿನ ಮೂರು ಗಾಜಿಗೆ ಹೊರಗಿನಿಂದ ಕಪ್ಪು ಹಾಳೆ ಅಂಟಿಸಿದೆ. ಆರೂ ಕಡೆ ತೆರೆದಿದ್ದರೆ ಮೀನಿಗೆ ಎಲ್ಲ ಕಡೆಯಿಂದಲೂ ಯಾರೋ ಬಂದಂತೆ ಗಾಬರಿ. ತಳದವರೆಗೆ ಬೆಳಕು ಕಡಿಮೆ ಹೋಗುವುದರಿಂದ ಕೆಳಗೆ ಕಡಿಮೆ ಬೆಳಕಲ್ಲೂ ಬೆಳೆಯುವ ಅನುಬಿಯಸ್, ಜಾವಾ ಫರ್ನ್ ಗಿಡಗಳೇ ಸಾಕು. ವ್ಯಾಲಿಸ್ನೇರಿಯಾ ಮಾತ್ರ ತಾನೇ ಎತ್ತರಕ್ಕೆ ಬೆಳೆದು ಬೆಳಕು ಹುಡುಕಿಕೊಂಡಿತು. ಮೇಲೆ ಅಂತರಗಂಗೆ ಬಿಟ್ಟೆ. ಅದರ ಬೇರು ಕೆಳಗೆ ಇಳಿಬಿದ್ದರೆ ಗೋರಾಮಿಗೆ ಹಬ್ಬ. ಆದರೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹರಡಲು ಬಿಡುವುದಿಲ್ಲ, ಇರುವ ಮೇಲ್ಮೈಯೇ ಕಡಿಮೆ.

ಮೀನು ಬಿಡುವ ಮೊದಲು ಟ್ಯಾಂಕ್ ಪಳಗಬೇಕು. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲೆರಡು ಮೀನಿಗೆ ವಿಷ, ಮೂರನೆಯದು ಅಷ್ಟು ಅಪಾಯ ಅಲ್ಲ. ಈ ಬ್ಯಾಕ್ಟೀರಿಯಾ ಸ್ಪಾಂಜ್‌ನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಅಣ್ಣನ ತೊಟ್ಟಿಯಲ್ಲಿ ಓಡುತ್ತಿದ್ದ ಹಳೇ ಸ್ಪಾಂಜ್ ತಂದು ನಮ್ಮದರ ಪಕ್ಕ ಇಟ್ಟಿದ್ದರಿಂದ ಬೇಗ ಆಯಿತು. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಕಾದೆ. ಖಾಲಿ ಟ್ಯಾಂಕ್ ನೋಡಿದ ಅತ್ತೆ, "ಏನಮ್ಮ, ಬರೀ ನೀರನ್ನೇ ಸಾಕ್ತಿದೀಯಾ?" ಅಂತ ಕೇಳುತ್ತಿದ್ದರು.

ಮೊದಲು ಬಾರ್ಬ್‌ಗಳು, ಅವು ಹೊಂದಿಕೊಂಡ ಮೇಲೆ ಲೋಚ್, ಕೊನೆಗೆ ಗೋರಾಮಿ. ಜಾಗ ತನ್ನದು ಅನ್ನುವ ಗಂಡು ಗೋರಾಮಿ ಕೊನೆಯಲ್ಲಿ ಬಂದರೆ ಉಳಿದವುಗಳ ಜೊತೆ ಹೊಂದಿಕೊಂಡು ಹೋಗುತ್ತದೆ. ಪ್ರತಿ ಕಂತನ್ನೂ ಮೊದಲು ನೀಲಿ ಟಬ್‌ನಲ್ಲಿ ಬೇರೆ ಇಟ್ಟು, ಮೈಮೇಲೆ ಬಿಳಿ ಚುಕ್ಕೆ ಏನಾದರೂ ಬರುತ್ತದಾ ಅಂತ ನೋಡಿಯೇ ಟ್ಯಾಂಕ್‌ಗೆ ಬಿಟ್ಟೆ. ಈ ಎತ್ತರದ ಟ್ಯಾಂಕ್‌ನಲ್ಲಿ ಒಮ್ಮೆ ಬಿಟ್ಟ ಮೀನನ್ನು ಮತ್ತೆ ಹಿಡಿಯುವುದು ಬಹಳ ಕಷ್ಟ, ಕೈ ತಳ ಮುಟ್ಟುವುದಿಲ್ಲ. ಹಾಗಾಗಿ ಟಬ್‌ನ ಕಾಯುವಿಕೆ ಇಲ್ಲಿ ಮಾಮೂಲಿಗಿಂತ ಹೆಚ್ಚು ಬೆಲೆಯದು.

ಊಟ ಹಾಕುವುದಕ್ಕೂ ಆಕಾರಕ್ಕೆ ತಕ್ಕ ಉಪಾಯ ಬೇಕಾಯಿತು. ಮೇಲಿಂದ ಹಾಕಿದ್ದೆಲ್ಲ ಗೋರಾಮಿ, ಬಾರ್ಬ್‌ಗಳ ಪಾಲು. 30 ಇಂಚು ಇಳಿಯುವಷ್ಟರಲ್ಲಿ ಲೋಚ್‌ಗಳಿಗೆ ಏನೂ ಉಳಿಯುವುದಿಲ್ಲ. ಅರ್ಧ ಇಂಚಿನ ಪಿವಿಸಿ ಪೈಪ್ ಒಂದು ಮೂರಡಿ ಉದ್ದಕ್ಕೆ ಕೊಯ್ದು ತಂದೆ. ರಾತ್ರಿ ಲೈಟ್ ಆರಿಸಿದ ಮೇಲೆ ಪೈಪನ್ನು ಮರಳಿಗೆ ಬೆರಳಷ್ಟು ಮೇಲೆ ಹಿಡಿದು, ಮುಳುಗುವ ಕಾಳು ಒಂದೊಂದಾಗಿ ಒಳಗೆ ಬಿಡುತ್ತೇನೆ. ಕಾಳು ಪೈಪಿನೊಳಗೆ ಟಿಕ್ ಟಿಕ್ ಅಂತ ಬಡಿದುಕೊಂಡು ಇಳಿಯುತ್ತದೆ. ಈಗ ಆ ಸದ್ದಿಗೆ ಲೋಚ್‌ಗಳು ಕಲ್ಲಿನಡಿಯಿಂದ ಮೂತಿ ಹೊರಗೆ ಹಾಕುತ್ತವೆ. ಪೈಪಿನ ಬಾಯಿ ಸುತ್ತ ಐದೂ ಸೇರಿ ಮರಳಲ್ಲಿ ಮೂಗು ತೂರಿಸಿ ಹುಡುಕುತ್ತವೆ, ಕಾಳು ಸಿಕ್ಕಿದ್ದು ಬಾಲ ಅಲ್ಲಾಡಿಸಿಕೊಂಡು ಹಿಂದಕ್ಕೆ ಸರಿಯುತ್ತದೆ.

ಈಗ ಇರುವುದು ಎಂಟು ಚೆರಿ ಬಾರ್ಬ್, ಐದು ಕೂಲಿ ಲೋಚ್, ಒಂದು ಗಂಡು ಎರಡು ಹೆಣ್ಣು ಹನಿ ಗೋರಾಮಿ. ಬಂದವರೆಲ್ಲ ಇನ್ನೂ ನಾಲ್ಕು ಬಿಡಬಹುದಲ್ಲ, ಮಧ್ಯೆ ಖಾಲಿ ಖಾಲಿ ಇದೆ ಅನ್ನುತ್ತಾರೆ. ಮೇಲ್ಮೈ ಲೆಕ್ಕದಲ್ಲಿ ಇಷ್ಟೇ ಸರಿ ಅಂತ ನಾನು ಬಿಡುವುದಿಲ್ಲ. ಪ್ರತಿ ಭಾನುವಾರ 20 ಲೀಟರ್ ತೆಗೆದು ಹೊಸ ನೀರು ಹಾಕುತ್ತೇನೆ, ತೆಗೆದದ್ದು ಮನೆ ಮುಂದಿನ ದಾಸವಾಳಕ್ಕೆ. ಹೋದ ತಿಂಗಳು ಗಂಡು ಗೋರಾಮಿ ಅಂತರಗಂಗೆಯ ಎಲೆಯಡಿ ಗುಳ್ಳೆಗೂಡು ಕಟ್ಟಿ ಮೊಟ್ಟೆ ಇಡಿಸಿತು. ಮರಿ ಹೊರಬಂದು ತೇಲಿದ ಕೂಡಲೇ ಬಾರ್ಬ್‌ಗಳು ತಿಂದವು. ಹಾಗಾಗಿ ನೀಲಿ ಟಬ್‌ನಲ್ಲಿ ಈಗ ಹಸಿರು ನೀರು ಬೆಳೆಸುತ್ತಿದ್ದೇನೆ. ಆ ಮರಿಗಳ ಬಾಯಿ ಎಷ್ಟು ಚಿಕ್ಕದೆಂದರೆ ಮೊದಲ ಕೆಲವು ದಿನ ನೀರಿನ ಸೂಕ್ಷ್ಮ ಜೀವಿ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಮುಂದಿನ ಸಲ ಗೂಡು ಕಂಡರೆ ಎಲೆ ಸಮೇತ ಲೋಟದಲ್ಲಿ ಎತ್ತಿ ಟಬ್‌ಗೆ ಬಿಡಬೇಕು.